ವಜ್ರಪಂಜರವೂ ಕಬ್ಬಿಣದ ಪಂಜರವೂ

ಶರಣ ಎಂಬ ಶಬ್ದವನ್ನು ನಾವು ದಿನವೂ ಉಚ್ಚರಿಸುತ್ತೇವೆ. ಶಿವನಿಗೆ ತನ್ನನ್ನು ಒಪ್ಪಿಸಿಕೊಂಡವನು ಎಂಬ ಅರ್ಥ ನಮ್ಮಲ್ಲಿ ರೂಢಿಯಾಗಿದೆ. ಆದರೆ ಆ ಶಬ್ದಕ್ಕೆ ಆಶ್ರಯ, ರಕ್ಷಣೆ ಎಂಬ ಹಳೆಯ ಅರ್ಥವೂ ಉಂಟು. ಮೊರೆಹೊಕ್ಕವನು ಶರಣಾಗತ. ಕನ್ನಡ ನಾಡಿನ ಶಾಸನಗಳಲ್ಲಿ ಅರಸರಿಗೂ ಸಾಮಂತರಿಗೂ ‘ಶರಣಾಗತ ವಜ್ರಪಂಜರ’ ಎಂಬ ಬಿರುದು ಮೇಲಿಂದ ಮೇಲೆ ಕಾಣಬರುತ್ತದೆ. ಮೊರೆಹೊಕ್ಕವನ ಸುತ್ತ ವಜ್ರದ ಪಂಜರದಂತೆ ನಿಂತು, ಹೊರಗಿನ ಕತ್ತಿ ಒಳಗೆ ಬಾರದಂತೆ ತಡೆಯುವವನೆಂದು ಅದರ ತಾತ್ಪರ್ಯ. ಬಿರುದನ್ನು ಹೊತ್ತವರೆಲ್ಲರೂ ಅದರಂತೆ ನಡೆದರೆಂದು ಹೇಳಲಾಗದು. ಆದರೂ ಹೆಮ್ಮೆಯಿಂದ ಹೇಳಿಕೊಳ್ಳತಕ್ಕ ಗುಣವಿದೆಂದು ನಾಡು ಒಪ್ಪಿದ್ದಿತು.

ಈ ಗುಣವನ್ನು ಇತ್ತೀಚಿನ ಲೋಕವು ಕಾನೂನಿನ ರೂಪದಲ್ಲಿ ಬರೆದಿಟ್ಟಿದೆ. ಮತ, ಜನಾಂಗ, ರಾಜಕೀಯ ಅಭಿಪ್ರಾಯ ಮೊದಲಾದ ಕಾರಣಗಳಿಂದ ಪ್ರಾಣಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವ ದೇಶಕ್ಕೆ ನಿರಾಶ್ರಿತನನ್ನು ಹಿಂದಕ್ಕೆ ಅಟ್ಟಬಾರದೆಂದು 1951ರ ನಿರಾಶ್ರಿತರ ಒಡಂಬಡಿಕೆಯು ವಿಧಿಸಿತು. ಆಶ್ರಯವಿತ್ತ ದೇಶದ ಭದ್ರತೆಗೆ ಅಪಾಯಕಾರಿಯಾದವನು ಆ ರಕ್ಷಣೆಯನ್ನು ಕೇಳಲಾರನೆಂಬ ವಿನಾಯಿತಿಯೂ ಅದರಲ್ಲಿದೆ. ಚಿತ್ರಹಿಂಸೆಯನ್ನು ನಿಷೇಧಿಸುವ 1984ರ ವಿಶ್ವಸಂಸ್ಥೆಯ ಒಡಂಬಡಿಕೆ ಆ ವಿನಾಯಿತಿಯನ್ನೂ ಉಳಿಸಲಿಲ್ಲ. ಚಿತ್ರಹಿಂಸೆ ಕಾದಿದೆಯೆಂದು ನಂಬಲು ಬಲವಾದ ಕಾರಣವಿದ್ದಲ್ಲಿ, ಆ ದೇಶಕ್ಕೆ ಯಾರನ್ನೂ ಕಳುಹಿಸಕೂಡದೆಂದು ಅದರ 3ನೆಯ ವಿಧಿ ಹೇಳುತ್ತದೆ. ಸಜ್ಜನನನ್ನು ಕಾಯಬೇಕೆಂಬುದನ್ನು ಎಲ್ಲರೂ ಒಪ್ಪುವರು. ದುಷ್ಟನನ್ನೂ ಏಕೆ ಕಾಯಬೇಕು? ಅವನಿಗಾಗುವ ಹಿಂಸೆಯನ್ನು ಬೇರೆಯವರು ಮಾಡುವಾಗ ಕಳುಹಿಸಿದವರಿಗೆ ಅದರ ಪಾಪವೇಕೆ ತಟ್ಟಬೇಕು? ಇದೇ ಇಲ್ಲಿ ವಿಚಾರ ಮಾಡತಕ್ಕ ಪ್ರಶ್ನೆ.

ಇದಕ್ಕೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ನಂಜನಗೂಡಿನ ಸಮೀಪದ ಕಳಲೆಯ ಇತಿಹಾಸವೇ ಅದನ್ನು ಒದಗಿಸುತ್ತದೆ. ಮೈಸೂರು ಸಂಸ್ಥಾನದ ದಳವಾಯಿಗಳನ್ನು ಕೊಟ್ಟ ಮನೆತನ ಕಳಲೆಯದು. ಅವರಲ್ಲಿ ಕೊನೆಯ ಪ್ರಬಲ ಪುರುಷನಾದ ಕರಾಚೂರಿ ನಂಜರಾಜಯ್ಯನು ಶಿವಭಕ್ತನಾಗಿದ್ದು, ಕನ್ನಡದಲ್ಲಿ ಶೈವ ಗ್ರಂಥಗಳನ್ನು ರಚಿಸಿದವನು. ಹೈದರನ ಏಳಿಗೆಯಿಂದ ಅಧಿಕಾರ ಕಳೆದುಕೊಂಡು ಆತನು ಕೊಣನೂರಿನಲ್ಲಿ ನೆಲೆಸಿದ್ದನು. 1760ರಲ್ಲಿ ಹೈದರನೇ ಮೇಲಕ್ಕೆ ತಂದಿದ್ದ ಖಂಡೇರಾಯನೆಂಬ ಅಧಿಕಾರಿ ಅರಮನೆಯ ಪಕ್ಷವನ್ನು ಸೇರಿ, ತನ್ನನ್ನು ಬೆಳೆಸಿದವನ ಮೇಲೆಯೇ ತಿರುಗಿಬಿದ್ದನು. ಮರುವರ್ಷ ನಂಜನಗೂಡಿನ ಬಳಿ ನಡೆದ ಕಾಳಗದಲ್ಲಿ ಸೋತ ಹೈದರನು ಕೊಣನೂರಿಗೆ ಓಡಿಬಂದು, ಹಿಂದಿನ ದ್ರೋಹಕ್ಕೆ ಪಶ್ಚಾತ್ತಾಪವನ್ನು ತೋರಿ, ನಂಜರಾಜಯ್ಯನ ಮರೆಹೊಕ್ಕನು. ನಂಜರಾಜಯ್ಯನು ಅವನನ್ನು ಕ್ಷಮಿಸಿ ಸೈನ್ಯವನ್ನೂ ದಳವಾಯಿ ಪದವಿಯನ್ನೂ ಕೊಟ್ಟನು.

ಗಾಳಿ ತಿರುಗಿತು. ಗೆದ್ದ ಹೈದರನು ಖಂಡೇರಾಯನನ್ನು ತನ್ನ ವಶಕ್ಕೆ ಒಪ್ಪಿಸಬೇಕೆಂದು ಅರಮನೆಯನ್ನು ಕೇಳಿದನು. ಮುಂದಿನದನ್ನು ಇತಿಹಾಸಕಾರ ವಿಲ್ಕ್ಸನು ದಾಖಲಿಸಿದ್ದಾನೆ. ಅವನ ಪ್ರಾಣವನ್ನು ಉಳಿಸಬೇಕೆಂದು ರಾಜನೂ ಅಂತಃಪುರದ ಸ್ತ್ರೀಯರೂ ಬೇಡಿಕೊಂಡರು. ಪ್ರಾಣ ಉಳಿಸುವುದೇನು, ಗಿಣಿಯಂತೆ ಸಾಕುವೆನೆಂದು ಹೈದರನು ಮಾತುಕೊಟ್ಟನು. ಆ ಮಾತಿನ ಮೇಲೆ ಅರಮನೆಯವರು ಖಂಡೇರಾಯನನ್ನು ಒಪ್ಪಿಸಿದರು. ಹೈದರನು ಅವನನ್ನು ಕಬ್ಬಿಣದ ಪಂಜರದಲ್ಲಿಟ್ಟು, ಹಾಲು ಅನ್ನ ಹಾಕಿಸಿ, ಸಾಯುವವರೆಗೂ ಹಾಗೆಯೇ ಇರಿಸಿದನು. ಇದು ಕ್ರೌರ್ಯವೆಂದವರಿಗೆ, ಕೊಟ್ಟ ಮಾತನ್ನು ಅಕ್ಷರಶಃ ನಡೆಸಿದ್ದೇನೆಂದು ಉತ್ತರ ಕೊಟ್ಟನಂತೆ.

ಖಂಡೇರಾಯನು ನಿರಪರಾಧಿಯಲ್ಲ. ಆದರೂ ಆ ಪಂಜರವನ್ನು ನೆನೆದರೆ ನಮ್ಮ ಮನಸ್ಸು ಕುಗ್ಗುತ್ತದೆ. ದಂಡನೆಯೇ ಬೇರೆ, ಚಿತ್ರಹಿಂಸೆಯೇ ಬೇರೆ. ದಂಡನೆಯು ಮಾಡಿದ ತಪ್ಪನ್ನು ತೂಗಿ ನೋಡುತ್ತದೆ. ಚಿತ್ರಹಿಂಸೆಯು ಮನುಷ್ಯನನ್ನು ಮನುಷ್ಯತ್ವದಿಂದಲೇ ಕೆಳಗಿಳಿಸಿ ಹಕ್ಕಿಯನ್ನಾಗಿಯೋ ಪಶುವನ್ನಾಗಿಯೋ ಮಾಡಹೊರಡುತ್ತದೆ. ದೇಹವೇ ದೇಗುಲವೆಂದು ತಿಳಿದು ಅಂಗದ ಮೇಲೆ ಲಿಂಗವನ್ನು ಧರಿಸುವ ನಮಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ತಪ್ಪು ಮಾಡಿದವನ ದೇಹವೂ ದೇಹವೇ.

ಅರಮನೆಯವರ ಹೊಣೆಯನ್ನು ನೋಡೋಣ. ಪಂಜರವನ್ನು ಅವರು ಮಾಡಿಸಲಿಲ್ಲ, ಬೀಗವನ್ನು ಅವರು ಹಾಕಲಿಲ್ಲ. ಆದರೆ ಮಾತು ಕೊಡೆಂದು ಬೇಡಿದ್ದೇ ಅಪಾಯವು ಅವರಿಗೆ ಚೆನ್ನಾಗಿ ತಿಳಿದಿದ್ದಿತೆಂಬುದಕ್ಕೆ ಸಾಕ್ಷಿ. ಭಯವಿಲ್ಲದಲ್ಲಿ ಭರವಸೆಯನ್ನು ಯಾರು ಕೇಳುತ್ತಾರೆ? ಬಾವಿಯ ಆಳವನ್ನು ಬಲ್ಲವನು ಕುರುಡನನ್ನು ಅದರ ಅಂಚಿಗೆ ಕರೆದೊಯ್ದು ಬಿಟ್ಟು, ಬಿದ್ದದ್ದು ಅವನ ಕಾಲಿನಿಂದ ಎಂದರೆ ಯಾರೂ ಒಪ್ಪುವುದಿಲ್ಲ. ತಿಳಿದು ಒಪ್ಪಿಸಿದ ಕೈಗೆ ಪಾಲುಂಟು.

ಇಂತಹ ಭರವಸೆಗಳು ಇಂದು ಸರ್ಕಾರಗಳ ನಡುವೆ ನಡೆಯುತ್ತವೆ. ಬ್ರಿಟನ್ನಿನಲ್ಲಿದ್ದ ಕರಮ್‌ಜಿತ್ ಸಿಂಗ್ ಚಾಹಲ್ ಎಂಬ ಸಿಖ್ಖನನ್ನು ದೇಶದ ಭದ್ರತೆಯ ಕಾರಣದಿಂದ ಭಾರತಕ್ಕೆ ಕಳುಹಿಸಲು ಆ ಸರ್ಕಾರವು ನಿಶ್ಚಯಿಸಿದಾಗ, ಹಿಂಸೆಯಾಗದೆಂದು ಭಾರತವು ಭರವಸೆಯಿತ್ತಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 1996ರಲ್ಲಿ ಆ ಭರವಸೆ ಸಾಲದೆಂದು ತೀರ್ಪಿತ್ತಿತು. ದೆಹಲಿಯ ಸದುದ್ದೇಶವನ್ನು ಅದು ಶಂಕಿಸಲಿಲ್ಲ. ಪೊಲೀಸರಲ್ಲಿ ಕೆಲವರ ನಡತೆಯನ್ನು ಅದು ಹಿಡಿತಕ್ಕೆ ತರಬಲ್ಲುದೇ ಎಂದು ಶಂಕಿಸಿತು. 1995ರಲ್ಲಿ ಪುರುಲಿಯಾದಲ್ಲಿ ವಿಮಾನದಿಂದ ಆಯುಧಗಳನ್ನು ಸುರಿದ ಪ್ರಕರಣದ ಆರೋಪಿಯನ್ನು ಒಪ್ಪಿಸಲು ಡೆನ್ಮಾರ್ಕಿನ ನ್ಯಾಯಾಲಯವು 2011ರಲ್ಲಿ ನಿರಾಕರಿಸಿದ್ದೂ ಇದೇ ಭಯದಿಂದ. ನಮ್ಮ ದೇಶವು ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ 1997ರಲ್ಲಿ ರುಜು ಹಾಕಿತಾದರೂ ಅದನ್ನು ಸ್ಥಿರೀಕರಿಸಿಲ್ಲ. ಸ್ಥಿರೀಕರಿಸಬೇಕೆಂದು ಕಾನೂನು ಆಯೋಗವು 2017ರಲ್ಲಿ ತನ್ನ 273ನೆಯ ವರದಿಯಲ್ಲಿ ಶಿಫಾರಸು ಮಾಡಿತು. ಪರರು ನಮ್ಮ ಮಾತನ್ನು ನಂಬಬೇಕಾದರೆ ನಮ್ಮ ಠಾಣೆಗಳು ಮೊದಲು ಶುದ್ಧವಾಗಬೇಕು.

ಇಲ್ಲಿ ಗೃಹಸ್ಥನೊಬ್ಬನು ಒಂದು ಆಕ್ಷೇಪವನ್ನು ಎತ್ತಬಹುದು. ಮರೆಹೊಕ್ಕವನನ್ನು ಕಾಯ್ದು ನಂಜರಾಜಯ್ಯನು ಪಡೆದ ಫಲವೇನು? ಕೆಲವು ವರ್ಷಗಳ ತರುವಾಯ ಆಣೆ ಪ್ರಮಾಣಗಳನ್ನು ನಂಬಿ ಶ್ರೀರಂಗಪಟ್ಟಣಕ್ಕೆ ಬಂದ ಆತನನ್ನು ಹೈದರನು ಸೆರೆಯಲ್ಲಿಟ್ಟನು. ಕಳಲೆಯ ಮನೆತನದ ಅಧಿಕಾರವು ಅಲ್ಲಿಗೆ ಮುಗಿಯಿತು. ಹಾವಿಗೆ ಹಾಲೆರೆದಂತಾಯಿತಲ್ಲವೇ?

ಈ ಆಕ್ಷೇಪವು ಹಗುರವಾದುದಲ್ಲ. ಆದರೆ ನಂಜರಾಜಯ್ಯನು ಮಾಡಿದ ಕೆಲಸಗಳು ಎರಡು. ಓಡಿಬಂದವನನ್ನು ವೈರಿಯ ಕೈಗೆ ಕೊಡದೆ ಉಳಿಸಿದ್ದು ಒಂದು. ಅವನ ಕೈಗೆ ಸೈನ್ಯವನ್ನೂ ಪದವಿಯನ್ನೂ ಇತ್ತದ್ದು ಮತ್ತೊಂದು. ಮೊದಲನೆಯದು ಧರ್ಮ. ಎರಡನೆಯದು ರಾಜಕೀಯದ ಲೆಕ್ಕಾಚಾರ, ಅದು ತಪ್ಪಿತು. ಕಾನೂನು ಕೇಳುವುದು ಮೊದಲನೆಯದನ್ನು ಮಾತ್ರ. ಅಪಾಯಕಾರಿಯಾದವನ ಮೇಲೆ ಕಣ್ಣಿಡಬಹುದು, ಅಪರಾಧಿಯನ್ನು ನಮ್ಮ ನ್ಯಾಯಾಲಯದಲ್ಲಿಯೇ ವಿಚಾರಿಸಿ ಸೆರೆಗೆ ಹಾಕಬಹುದು, ಹಿಂಸೆಯ ಭಯವಿಲ್ಲದ ಬೇರೊಂದು ದೇಶಕ್ಕೆ ಕಳುಹಿಸಬಹುದು. ಮನೆಯ ಬೀಗದಕೈಯನ್ನು ಕೊಡಬೇಕೆಂದು ಯಾರೂ ಹೇಳಿಲ್ಲ. ಕಟುಕನ ಕೈಗೆ ಕೊಡಬಾರದೆಂದಷ್ಟೇ ಹೇಳಿದೆ.

ಅಟ್ಟಿಸಿಕೊಂಡು ಬರುವವನು ಓಡುವವನನ್ನು ಯಾವಾಗಲೂ ಅಪರಾಧಿಯೆಂದೇ ಕರೆಯುತ್ತಾನೆಂಬುದನ್ನೂ ಮರೆಯಬಾರದು. ಕಲ್ಯಾಣದಲ್ಲಿ ಹರಳಯ್ಯ ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ನಮ್ಮ ಪರಂಪರೆಯ ಕಥನಗಳು ಹೇಳುತ್ತವೆ. ಆ ರಾಜ್ಯದ ದೃಷ್ಟಿಯಲ್ಲಿ ಅವರು ಕುಲಧರ್ಮವನ್ನು ಕೆಡಿಸಿದ ಅಪರಾಧಿಗಳು. ಸೈನ್ಯವು ಬೆನ್ನಟ್ಟಲು ಶರಣರು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಾಡನ್ನು ಸೇರಿದರು. ದಾರಿಯ ಒಂದೊಂದು ಊರೂ ಅವರನ್ನು ಹಿಡಿದು ಹಿಂದಕ್ಕೆ ಒಪ್ಪಿಸಿದ್ದರೆ ನಮ್ಮ ಕೈಗೆ ಇಂದು ವಚನಗಳು ಎಷ್ಟು ಉಳಿಯುತ್ತಿದ್ದವು?

ನಮ್ಮ ಜಿಲ್ಲೆಯು ಈ ಧರ್ಮವನ್ನು ನಡೆಸಿ ತೋರಿಸಿದೆ. 1959ರಿಂದ ಹಿಮಾಲಯವನ್ನು ದಾಟಿ ಬಂದ ಟಿಬೆಟ್ಟಿನ ಜನರಿಗೆ ಅಂದಿನ ಮೈಸೂರು ಸರ್ಕಾರವು 1960ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಕೊಟ್ಟಿತು. ಅವರು ಅಲ್ಲಿ ಕಾಡು ಕಡಿದು ಜೋಳ ಬೆಳೆದರು. ಆದರೆ ಆ ಆಶ್ರಯವು ಔದಾರ್ಯದಿಂದ ಬಂದುದೇ ಹೊರತು ಕಾನೂನಿನ ಕಟ್ಟಳೆಯಿಂದ ಬಂದುದಲ್ಲ. 1951ರ ಒಡಂಬಡಿಕೆಗೆ ಭಾರತವು ಸೇರಿಲ್ಲ. ಔದಾರ್ಯವು ಒಬ್ಬರಿಗೆ ತೆರೆದ ಬಾಗಿಲನ್ನು ಮತ್ತೊಬ್ಬರಿಗೆ ಮುಚ್ಚಬಹುದು. 2018ರ ಅಕ್ಟೋಬರಿನಲ್ಲಿ ಏಳು ಮಂದಿ ರೋಹಿಂಗ್ಯರನ್ನು ಮ್ಯಾನ್ಮಾರಿಗೆ ಕಳುಹಿಸಲಾಯಿತು. ಸಂವಿಧಾನದ 21ನೆಯ ವಿಧಿಯ ರಕ್ಷಣೆ ಪರದೇಶಿಗೂ ಉಂಟು. ಆದರೆ ಗಡೀಪಾರಾಗದೆ ಇರುವ ಹಕ್ಕು ಪೌರನಿಗೆ ಮಾತ್ರವೆಂದು ಸುಪ್ರೀಂ ಕೋರ್ಟು 2021ರ ಏಪ್ರಿಲಿನ ಆದೇಶದಲ್ಲಿ ಹೇಳಿತು. ಮರುತಿಂಗಳೇ ಮಣಿಪುರದ ಹೈಕೋರ್ಟು ಮ್ಯಾನ್ಮಾರಿನಿಂದ ಓಡಿಬಂದ ಏಳು ಮಂದಿಯ ವಿಷಯದಲ್ಲಿ, ಅಪಾಯಕ್ಕೆ ಹಿಂದಿರುಗಿಸದಿರುವ ನಿಯಮವು 21ನೆಯ ವಿಧಿಯಲ್ಲಿಯೇ ಅಡಗಿದೆಯೆಂದು ಕಂಡಿತು. ಬಂದವನ ಮತ ಯಾವುದು, ಅವನ ಶತ್ರು ನಮಗೆ ಮಿತ್ರನೋ ಅಲ್ಲವೋ ಎಂಬುದರ ಮೇಲೆ ಅವನ ಬೆನ್ನಿನ ಚರ್ಮವು ಉಳಿಯುವಂತಾಗಬಾರದು. ಆದುದರಿಂದಲೇ ಇದು ದಯೆಗೆ ಬಿಟ್ಟ ವಿಷಯವಾಗಿರದೆ ಸ್ಪಷ್ಟವಾದ ಕಾನೂನಾಗಬೇಕು.

ಗಡಿಯ ಆಚೆಗೆ ಯಾರನ್ನು ಕಳುಹಿಸಬೇಕೆಂದು ನಿರ್ಣಯಿಸುವ ಅಧಿಕಾರ ಗೃಹಸ್ಥರಾದ ನಮಗಿಲ್ಲ. ಆದರೆ ಅಧಿಕಾರವುಳ್ಳವರು ಜನರ ಮಾತನ್ನು ಕೇಳಿಸಿಕೊಳ್ಳುತ್ತಾರೆ. ಠಾಣೆಯಲ್ಲಿ ಒಬ್ಬನಿಗೆ ಏಟು ಬಿದ್ದ ಸುದ್ದಿ ಜಗಲಿಗೆ ಬಂದಾಗ, ಅವನಿಗೆ ಹಾಗೆಯೇ ಆಗಬೇಕೆಂದು ನಮ್ಮಲ್ಲಿ ಎಷ್ಟು ಮಂದಿ ಅನ್ನುವುದಿಲ್ಲ? ಆ ಮಾತೇ ಮುಂದೆ ಪರದೇಶಿಯೊಬ್ಬನನ್ನು ಹಿಂಸಕರ ಕೈಗೆ ಒಪ್ಪಿಸುವ ಆಜ್ಞೆಗೆ ಬಲವಾಗುತ್ತದೆ. ಖಂಡೇರಾಯನನ್ನು ಒಪ್ಪಿಸಿದವರು ಕ್ರೂರಿಗಳಲ್ಲ, ಅವನಿಗಾಗಿ ಬೇಡಿಕೊಂಡವರೇ. ಅವರಲ್ಲಿ ಕರುಣೆಯಿದ್ದಿತು, ಇಲ್ಲವೆನ್ನುವ ಧೈರ್ಯವಿರಲಿಲ್ಲ. ಆ ಧೈರ್ಯವನ್ನು ಕಾನೂನು ಅಧಿಕಾರಿಗೆ ಕೊಡಲಿ. ಕಾನೂನಿಗೆ ಅದನ್ನು ನಾವು ಕೊಡೋಣ.