ಗುರುವಿನ ಮುಂದೆ ಶಿಷ್ಯರ ತಕರಾರು

ಶೃಂಗೇರಿಯ ಗುರುಪರಂಪರೆಯಲ್ಲಿ ಶಂಕರರ ನಂತರದ ಹೆಸರು ಸುರೇಶ್ವರಾಚಾರ್ಯರದು. ಜೊತೆಗಿದ್ದ ಶಿಷ್ಯರ ಅನುಮಾನಕ್ಕೆ ಗುರಿಯಾದವರೂ ಅವರೇ. ಪೂರ್ವಾಶ್ರಮದಲ್ಲಿ ಅವರು ಮಂಡನಮಿಶ್ರ. ಗೃಹಸ್ಥ, ಕರ್ಮವೇ ಮುಖ್ಯವೆಂದು ಸಾಧಿಸುತ್ತಿದ್ದ ಮೀಮಾಂಸಕ. ಶಂಕರರೊಡನೆ ವಾದದಲ್ಲಿ ಸೋತು ಸನ್ಯಾಸ ಪಡೆದರೆಂಬುದು ಪರಂಪರೆಯ ನಂಬಿಕೆ.

ಮುಂದಿನದನ್ನು ಮಾಧವೀಯ ಶಂಕರವಿಜಯ ಹೇಳುತ್ತದೆ. ತಮ್ಮ ಬ್ರಹ್ಮಸೂತ್ರ ಭಾಷ್ಯಕ್ಕೆ ವಿವರಣಾ ಗ್ರಂಥವಾದ ವಾರ್ತಿಕ ಬರೆಯುವ ಹೊಣೆಯನ್ನು ಗುರುಗಳು ಸುರೇಶ್ವರರಿಗೆ ಒಪ್ಪಿಸಲು ಹೊರಟರು. ಉಳಿದವರು ತಕರಾರು ತೆಗೆದರು. ನಿನ್ನೆಯವರೆಗೆ ಕರ್ಮವನ್ನು ಎತ್ತಿಹಿಡಿದವರು ಭಾಷ್ಯವನ್ನೇ ಅತ್ತ ತಿರುಗಿಸಿದರೆ? ಶಂಕರರು ದೂರಿದವರ ಬಾಯಿ ಮುಚ್ಚಿಸಲಿಲ್ಲ, ಸುರೇಶ್ವರರನ್ನು ಕೈಬಿಡಲೂ ಇಲ್ಲ. ಮೊದಲು ಸ್ವತಂತ್ರ ಗ್ರಂಥವೊಂದನ್ನು ಬರೆದು ತೋರಿಸಲು ಹೇಳಿದರು. ಹಾಗೆ ಹುಟ್ಟಿದ್ದು ನೈಷ್ಕರ್ಮ್ಯಸಿದ್ಧಿ. ಬಿಡುಗಡೆಗೆ ಜ್ಞಾನವೇ ದಾರಿ, ಕರ್ಮವಲ್ಲ ಎಂದು ಅದು ಸಾಧಿಸುತ್ತದೆ. ಆಮೇಲೆ ತೈತ್ತಿರೀಯ, ಬೃಹದಾರಣ್ಯಕ ಭಾಷ್ಯಗಳಿಗೆ ವಾರ್ತಿಕಗಳು ಬಂದವು. ಎರಡನೆಯದರಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಶ್ಲೋಕಗಳಿವೆ. ಸೂತ್ರಭಾಷ್ಯಕ್ಕೆ ಇನ್ನೊಬ್ಬ ಶಿಷ್ಯರಾದ ಪದ್ಮಪಾದರು ಪಂಚಪಾದಿಕೆ ಎಂಬ ಟೀಕೆ ಬರೆದರು.

ಅದೇ ಪದ್ಮಪಾದರು ಇನ್ನೊಮ್ಮೆ ಗೋಡೆಯತ್ತ ಕೈ ತೋರಿಸಿದ್ದುಂಟು. ಬಟ್ಟೆ ಒಗೆಯಲು ಹೊಳೆಗೆ ಹೋದ ಗಿರಿ ಎಂಬ ಶಿಷ್ಯ ಬರಲಿ ಎಂದು ಗುರುಗಳು ಪಾಠ ನಿಲ್ಲಿಸಿ ಕಾದಿದ್ದರು. ಅವನಿಗೆ ಹೇಳುವುದೂ ಒಂದೇ, ಈ ಗೋಡೆಗೆ ಹೇಳುವುದೂ ಒಂದೇ ಎಂಬುದು ಆ ಕೈಸನ್ನೆಯ ಅರ್ಥ. ಗಿರಿ ತೋಟಕ ವೃತ್ತದಲ್ಲಿ ಪದ್ಯ ಹೇಳುತ್ತಲೇ ಬಂದ, ತೋಟಕಾಚಾರ್ಯನಾದ.

ಇವು ಶಂಕರರ ಕಾಲದ ಎಷ್ಟೋ ಶತಮಾನಗಳ ನಂತರ ಬರೆದಿಟ್ಟ ಕಥೆಗಳು. ನಡೆದದ್ದು ಹೀಗೆಯೇ ಎನ್ನಲು ಬಾರದು. ಆದರೆ ಶಂಕರರ ನಂತರದ ತನ್ನ ಮೊದಲ ಆಚಾರ್ಯರನ್ನು ಸಹಪಾಠಿಗಳೇ ನಂಬಲಿಲ್ಲ ಎಂಬ ಸಂಗತಿಯನ್ನು ಪರಂಪರೆ ಅಳಿಸಿಹಾಕದೆ ಉಳಿಸಿಕೊಂಡಿದೆ. ಅಷ್ಟು ಧೈರ್ಯ ಎಲ್ಲ ಸಂಪ್ರದಾಯಗಳಿಗೂ ಇರುವುದಿಲ್ಲ.

ಒಳಗಿನ ಭಿನ್ನಾಭಿಪ್ರಾಯದಂತೆ, ಶೃಂಗೇರಿ ಸೀಮೆಯಲ್ಲಿ ಬೇರೆಬೇರೆ ಮತಗಳ ಅಕ್ಕಪಕ್ಕದ ಬಾಳುವೆಯೂ ಹೊಸದಲ್ಲ. ಶೃಂಗೇರಿ ಪೇಟೆಯ ಪಾರ್ಶ್ವನಾಥ ಬಸದಿ 12ನೇ ಶತಮಾನದ್ದು, 14ನೇ ಶತಮಾನದ ವಿದ್ಯಾಶಂಕರ ದೇಗುಲಕ್ಕಿಂತ ಹಳೆಯದು. ಕೊಪ್ಪ ತಾಲ್ಲೂಕಿನ ಹರಿಹರಪುರದ ಪೀಠದಲ್ಲಿ ಶಾರದೆಗೂ ಲಕ್ಷ್ಮೀನರಸಿಂಹನಿಗೂ ಪೂಜೆ. ನರಸಿಂಹರಾಜಪುರ ತಾಲ್ಲೂಕಿನಲ್ಲಿ ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿಯಿದೆ, ಬಾಳೆಹೊನ್ನೂರಿನ ವೀರಶೈವ ರಂಭಾಪುರಿ ಪೀಠವಿದೆ, ಕೇರಳದಿಂದ ಬಂದು ನೆಲೆಸಿದ ಸುರಿಯಾನಿ ಕ್ರೈಸ್ತರ ಇಗರ್ಜಿಗಳಿವೆ.

1791ರಲ್ಲಿ ಮರಾಠಾ ದಂಡಿನವರು ಶೃಂಗೇರಿ ಮಠವನ್ನು ಸೂರೆ ಮಾಡಿದಾಗ ಮಠದ ಅಂದಿನ ಗುರುಗಳು ಟಿಪ್ಪು ಸುಲ್ತಾನನಿಗೆ ಬರೆದರು. ಶಾರದೆಯ ಪುನಃಪ್ರತಿಷ್ಠೆಗೆ ಹಣ, ಧಾನ್ಯ ಒದಗಿಸುವಂತೆ ಅವನು ಬಿದನೂರಿನ ಅಧಿಕಾರಿಗೆ ಆಜ್ಞೆ ಮಾಡಿದ. ರಾಜ್ಯದ ಕ್ಷೇಮಕ್ಕಾಗಿ ಸಹಸ್ರಚಂಡಿ ಜಪ ನಡೆಸಬೇಕೆಂದೂ ಕೋರಿದ. ಇದರಲ್ಲಿ ರಾಜಕಾರಣವಿತ್ತು ಎನ್ನುವವರ ಮಾತು ತಳ್ಳಿಹಾಕುವಂಥದ್ದಲ್ಲ. ಹಾಗೆಂದು ಅದರ ತೂಕ ಇಳಿಯುವುದಿಲ್ಲ: ಮತ ಬದಲಿಸು ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಲಿಲ್ಲ, ಪೂಜೆ ಮಠದವರ ಕ್ರಮದಲ್ಲೇ ನಡೆಯಬೇಕಿತ್ತು. ಕನ್ನಡದಲ್ಲಿದ್ದ ಟಿಪ್ಪುವಿನ ಪತ್ರಗಳನ್ನು ಮಠ ಜೋಪಾನ ಮಾಡಿತು; 1916ರಲ್ಲಿ ಅವನ್ನು ಬೆಳಕಿಗೆ ತಂದವರು ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್.