ರೋಗಿಯ ಗುಟ್ಟು ಯಾರ ಸೊತ್ತು?

ರೋಗಿಯ ಮನೆಯೊಳಗೆ ಕಂಡುದನ್ನು ವೈದ್ಯನು ಹೊರಗೆ ಆಡಕೂಡದೆಂದು ಚರಕಸಂಹಿತೆಯು ವಿಧಿಸಿದೆ. ಆ ಗುಟ್ಟು ಅವನಲ್ಲಿ ಇರಿಸಿದ ನಿಕ್ಷೇಪ; ಒಡೆತನವು ರೋಗಿಯದೇ. ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2021ರಲ್ಲಿ ದೇಶವ್ಯಾಪಿಯಾದ ಯೋಜನೆಯ ಆಭಾ ಕಾರ್ಡಿನಲ್ಲಿರುವುದು ರೋಗದ ಕಥೆಯಲ್ಲ, 14 ಅಂಕಿಗಳ ಸಂಖ್ಯೆ. ದಾಖಲೆಗಳು ಆಸ್ಪತ್ರೆಗಳಲ್ಲಿದ್ದು, ರೋಗಿಯ ಸಮ್ಮತಿಯಿಂದ ತೆರೆಯತಕ್ಕವು.

ಯಲಬುರ್ಗಾದಿಂದ ಕೊಪ್ಪಳದ ಆಸ್ಪತ್ರೆಗೆ ಬಂದವನು ಹಳೆಯ ಚೀಟಿಗಳ ಗಂಟನ್ನು ಹೊರಬೇಕಿಲ್ಲವೆಂಬುದು ಉಪಕಾರವೇ ಸರಿ. ಆದರೆ ಕುಷ್ಟಗಿಯ ಕಡೆಯ ಓದುಬರಹವರಿಯದ ಮುದುಕಿಯ ಮೊಬೈಲಿಗೆ ಬಂದ ಓಟಿಪಿಯನ್ನು ಮಗನೋ ಗುಮಾಸ್ತನೋ ಓದಿಹೇಳಿದರೆ, ಅದು ಆಕೆಯ ಸಮ್ಮತಿಯೆ? ಬೀಗವೆಷ್ಟು ಗಟ್ಟಿಯಾದರೇನು, ಕೀಲಿಕೈ ಪರರ ಕೈಯಲ್ಲಿದ್ದರೆ? ಅರಿತು ಕೊಟ್ಟುದೇ ಸಮ್ಮತಿ. ಆದುದರಿಂದ ಕೇಳುವವನು ಮೊದಲು ತಿಳಿಯಹೇಳಲಿ. ಆಕೆ ಒಲ್ಲೆನೆಂದರೂ ಚಿಕಿತ್ಸೆ ನಿಲ್ಲದಿರಲಿ.