ಇಂದಿನ ಧಮ್ಮ ಚಿಂತನೆ: ಕೂದಲೆಳೆಯಷ್ಟು ಹಿಂದೆ

 



ಬಸ್ ಸ್ಟ್ಯಾಂಡ್ ಪಕ್ಕ ಕಟಿಂಗ್ ಶಾಪ್ ನಡೆಸುವವನು ನಾನು. ಈ ಕೆಲಸ ಕಲಿಯಲು ಒಂದು ಕಾರಣವಿತ್ತು. ನಮ್ಮೂರಿನ ಕ್ಷೌರದಂಗಡಿಯಲ್ಲಿ ನಮ್ಮ ಕೇರಿಯವರಿಗೆ ಕುರ್ಚಿ ಇರಲಿಲ್ಲ. ಕೂದಲು ಕತ್ತರಿಸಿಕೊಳ್ಳಲು ಅಪ್ಪ ನಮ್ಮನ್ನು ಪೇಟೆಗೆ ನಡೆಸಿಕೊಂಡು ಬರುತ್ತಿದ್ದರು. ಬಾಬಾಸಾಹೇಬರ ಬಾಲ್ಯವೂ ಹೀಗೇ ಇತ್ತು. ಸಾತಾರದಲ್ಲಿ ಕ್ಷೌರಿಕರಿದ್ದರು, ಕೊಡಲು ದುಡ್ಡೂ ಇತ್ತು. ಮುಟ್ಟುವವರು ಇರಲಿಲ್ಲ. ಮನೆಯಲ್ಲಿ ಅಕ್ಕನೇ ಅವರ ಕೂದಲು ಕತ್ತರಿಸುತ್ತಿದ್ದರು.

ಕಳೆದ ಮಂಗಳವಾರ, ಅಂಗಡಿಗೆ ರಜೆ. ಅರ್ಧ ಬಾಗಿಲು ಹಾಕಿಕೊಂಡು ಮಷಿನ್ ಕ್ಲೀನ್ ಮಾಡುತ್ತಿದ್ದೆ. ಒಬ್ಬ ಹುಡುಗ ಬಂದ. ನಮ್ಮೂರ ಆ ಅಂಗಡಿಯವರ ಮೊಮ್ಮಗ. ಈಗ ಅಲ್ಲಿ ಅವನೇ ಕೆಲಸ ಮಾಡುವುದು.

"ಅಣ್ಣ, ಮಷಿನ್ ಕೂದಲು ಎಳೀತಿತ್ತು ಅಂತ ಹೊಸ ಬ್ಲೇಡ್ ಹಾಕ್ದೆ. ನಿನ್ನೆ ಒಂದು ಮಗು ಕಿವಿ ಹಿಂದೆ ರಕ್ತ ಬಂತು. ಸ್ವಲ್ಪ ನೋಡ್ತೀರಾ?"

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯಲಾರೆ. "ನಿಮ್ಮಜ್ಜನ್ನ ಕೇಳು, ಹೋಗು" ಅನ್ನುವುದು ಅದರಲ್ಲಿ ಮೆದುವಾದ ಮಾತು. ಆದರೂ ಕೈ ಚಾಚಿ ಮಷಿನ್ ತೆಗೆದುಕೊಂಡೆ. ರಕ್ತ ಬಂದದ್ದು ಒಂದು ಮಗುವಿಗೆ.

ಮಷಿನ್‌ನಲ್ಲಿ ಎರಡು ಬ್ಲೇಡ್ ಇರುತ್ತವೆ. ಕೆಳಗಿನದು ಚರ್ಮದ ಮೇಲೆ ಕೂರುತ್ತದೆ, ಅಲುಗಾಡುವುದಿಲ್ಲ. ಮೇಲಿನದು ಅತ್ತಿತ್ತ ಓಡಿ ಕತ್ತರಿಸುತ್ತದೆ. ಓಡುವ ಬ್ಲೇಡಿನ ಹಲ್ಲು ನಿಂತ ಬ್ಲೇಡಿನ ಹಲ್ಲಿಗಿಂತ ಚೂರು ಹಿಂದೆಯೇ ಇರಬೇಕು. ಮುಂದೆ ಬಂತೋ, ಕೂದಲಿನ ಜೊತೆ ಚರ್ಮವನ್ನೂ ಕತ್ತರಿಸುತ್ತದೆ. ಹುಡುಗ ಜೋಡಿಸಿದ್ದು ಹಾಗೇ, ಮುಂದಕ್ಕೆ. ಸ್ಕ್ರೂ ಸಡಿಲಿಸಿ, ಎರಡನ್ನೂ ನೇರ ಮಾಡಿ, ಮತ್ತೆ ಬಿಗಿದೆ.

ಉಳಿದದ್ದನ್ನೂ ಹೇಳಿಕೊಟ್ಟೆ. ಮಷಿನ್ ಎಳೆದ ಕೂಡಲೇ ಹೊಸ ಬ್ಲೇಡ್ ಕೊಳ್ಳಬೇಡ. ಮೊದಲು ಬ್ರಷ್‌ನಿಂದ ಕೂದಲು ತೆಗೆದು ಎರಡು ಹನಿ ಎಣ್ಣೆ ಹಾಕಿ ಓಡಿಸಿ ನೋಡು. ಮಷಿನ್ ಎಣ್ಣೆಯೇ ಆಗಬೇಕು, ಕೊಬ್ಬರಿ ಎಣ್ಣೆ ಅಂಟು ಕಟ್ಟುತ್ತದೆ. ಪ್ರತಿಯೊಬ್ಬರಿಗೂ ಬಳಸಿದ ಮೇಲೆ ಸ್ಪಿರಿಟ್‌ನಿಂದ ಒರೆಸು. ಸ್ಪಿರಿಟ್ ಎಣ್ಣೆಯನ್ನು ತೆಗೆದುಬಿಡುತ್ತದೆ, ಆದ್ದರಿಂದ ಮತ್ತೆ ಎಣ್ಣೆ ಹಾಕು. ಆಮೇಲೂ ಎಳೆದರೆ ಎರಡೂ ಬ್ಲೇಡನ್ನು ಜೊತೆಗೇ ಬದಲಿಸು. ಕೊಳ್ಳುವಾಗ ಹಳೆಯದನ್ನು ಕೊಂಡೊಯ್ದು ಸ್ಕ್ರೂ ತೂತು ಸರಿಹೊಂದುತ್ತದಾ ನೋಡು. ಸೆರಾಮಿಕ್ ಬ್ಲೇಡ್ ಬೇಗ ಬಿಸಿಯಾಗುವುದಿಲ್ಲ, ಆದರೆ ಕೆಳಗೆ ಬಿದ್ದರೆ ಒಡೆಯುತ್ತದೆ.

ಅವನಿಗೆ ಹೇಳುತ್ತಿದ್ದಾಗ ನನಗೇ ಒಂದು ವಿಷಯ ಹೊಳೆಯಿತು. ನಿಂತ ಬ್ಲೇಡ್ ಶೀಲ. ಓಡುವ ಬ್ಲೇಡ್ ನಮ್ಮ ಮಾತು, ಕೆಲಸ, ಸಿಟ್ಟು. ಸಿಟ್ಟು ಬೇಡ ಎಂದಲ್ಲ. ಮೊಂಡು ಬ್ಲೇಡ್ ಯಾವ ಕೆಲಸಕ್ಕೂ ಬಾರದು. ಹರಿತವಾಗಿರಲಿ, ಆದರೆ ಶೀಲವನ್ನು ದಾಟಿ ಮುಂದೆ ಬರದಿರಲಿ. ಅಜ್ಜನ ಮೇಲಿನ ಸಿಟ್ಟು ಆ ದಿನ ದಾಟಿದ್ದರೆ ಗಾಯವಾಗುತ್ತಿದ್ದದ್ದು ಮೊಮ್ಮಗನಿಗೆ, ಅವನ ಕುರ್ಚಿಯಲ್ಲಿ ಕೂರುವ ಮುಂದಿನ ಮಗುವಿಗೆ.

ಉಪಾಲಿಯನ್ನು ನೆನೆಯೋಣ. ಅವರು ಶಾಕ್ಯರ ಕ್ಷೌರಿಕ. ಶಾಕ್ಯ ರಾಜಕುಮಾರರು ತಮ್ಮ ಕುಲದ ಅಹಂಕಾರ ಮುರಿಯಲೆಂದು, ಉಪಾಲಿಗೇ ಮೊದಲು ದೀಕ್ಷೆ ಕೊಡಿ ಎಂದು ಭಗವಾನರನ್ನು ಬೇಡಿಕೊಂಡರು. ಹಿರಿಯ ಭಿಕ್ಖುವಾದ ಅವರಿಗೆ ಕುಮಾರರು ಕೈಮುಗಿದರು. ಮುಂದೆ ರಾಜಗೃಹದ ಮೊದಲ ಸಂಗೀತಿಯಲ್ಲಿ ವಿನಯವನ್ನು ಹೇಳಿದ್ದೂ ಉಪಾಲಿಯೇ. ಈ ಹುಡುಗನ ಅಜ್ಜನಿಗೆ ತಮ್ಮ ಕುಲದ ಈ ಹಿರಿಮೆಯನ್ನು ಯಾರೂ ಹೇಳಿರಲಿಕ್ಕಿಲ್ಲ. ಜಾತಿಯ ಏಣಿ ಅವರನ್ನೂ ಕೆಳಗೇ ನಿಲ್ಲಿಸಿತು, ನಮ್ಮನ್ನು ತುಳಿಯಲು ಒಂದು ಮೆಟ್ಟಿಲು ಮಾತ್ರ ಕೊಟ್ಟಿತು.

ಹುಡುಗ ದುಡ್ಡು ಕೊಡಲು ಬಂದ. ಬೇಡವೆಂದೆ. "ಭಾನುವಾರ ಮಗನನ್ನು ಕರ್ಕೊಂಡು ನಿನ್ನ ಅಂಗಡಿಗೆ ಬರ್ತೀನಿ. ಕುರ್ಚಿ ಮೇಲೆ ಕೂರಿಸಿ ಕಟಿಂಗ್ ಮಾಡು" ಅಂದೆ.

ಅವನು ಸ್ವಲ್ಪ ಹೊತ್ತು ಮಷಿನ್ ನೋಡುತ್ತಾ ನಿಂತ. "ಬನ್ನಿ ಅಣ್ಣ. ಅಜ್ಜನಿಗೆ ನಾನು ಹೇಳ್ತೀನಿ" ಅಂದ.

ಭಾನುವಾರ ಇನ್ನೂ ಬಂದಿಲ್ಲ. ಕುರ್ಚಿ ಕೊಟ್ಟರೆ ಸಂತೋಷ. ಕೊಡದಿದ್ದರೆ ಸಂವಿಧಾನದ 17ನೇ ವಿಧಿ ಇದೆ, 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಇದೆ. ಮೈತ್ರಿ ಎಂದರೆ ಹಕ್ಕು ಬಿಡುವುದಲ್ಲ. ದೂರು ಕೊಡುವಾಗಲೂ ಬೈಗುಳವಿಲ್ಲದೆ ಕೊಡುವೆ.

ಇಂದಿನ ಅಭ್ಯಾಸ: ಸಿಟ್ಟು ಬಂದಾಗ ಒಂದು ಉಸಿರಿನಷ್ಟು ಹೊತ್ತು ನಿಂತು ನೋಡೋಣ. ಅದು ಶೀಲದ ಹಿಂದಿದೆಯೋ, ಮುಂದಕ್ಕೆ ಬಂದಿದೆಯೋ?

ಸರ್ವರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.